ಸ್ಯಾತ್ ಎಂದವನು ಏವ ಎನ್ನಲೇಬೇಕು

ಜೈನ ಮನೆತನಗಳಲ್ಲಿ ಇಂದು ಅತಿ ಹೆಚ್ಚಾಗಿ ಕೇಳಿಬರುವ, ಆದರೆ ಅತಿ ಕಡಿಮೆ ವಿಚಾರಕ್ಕೆ ಒಳಗಾಗಿರುವ ಶಾಸ್ತ್ರಪದ ಯಾವುದೆಂದು ಪ್ರಶ್ನಿಸಿದರೆ ‘ಅನೇಕಾಂತ’ ಎಂಬುದೇ ಉತ್ತರವಾದೀತು. ಮಹಾವೀರ ಜಯಂತಿಯ ವೇದಿಕೆಯಲ್ಲಿ ಅದು ಪರಮತಸಹಿಷ್ಣುತೆಯ ಹೆಸರಾಗಿ ಮೆರೆಯುತ್ತದೆ. ಅದು ಉಚಿತವೇ ಸರಿ. ಆದರೆ ಅದೇ ಪದವು ಬಸದಿಯ ಟ್ರಸ್ಟಿನ ಸಭೆಯಲ್ಲಿ ಲೆಕ್ಕದ ಪ್ರಶ್ನೆ ಎದ್ದಾಗ, ಅಂಗಡಿಯ ಗದ್ದಿಗೆಯಲ್ಲಿ ಸರಕಿನ ಗುಣದ ಪ್ರಶ್ನೆ ಎದ್ದಾಗ, ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಂದಾಗ ಬೇರೆಯೇ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ‘ಇದನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬೇಕಲ್ಲವೇ? ನಮ್ಮದು ಅನೇಕಾಂತವಲ್ಲವೇ?’ ಎಂಬ ಮಾತಿನೊಂದಿಗೆ ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ. ಸತ್ಯವನ್ನು ಸಂರಕ್ಷಿಸಲೆಂದು ಆಚಾರ್ಯರು ಕಟ್ಟಿದ ಕೋಟೆಯು ಅಸತ್ಯಕ್ಕೆ ಆಶ್ರಯವಾಗುವ ಪ್ರಸಂಗವಿದು.

ಆದ್ದರಿಂದ ಒಂದು ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುವುದು ಅವಶ್ಯಕ. ಸ್ಯಾದ್ವಾದವು ಶ್ರಾವಕನ ಸತ್ಯಾಣುವ್ರತವನ್ನು ಸಡಿಲಗೊಳಿಸುತ್ತದೆಯೇ, ಇಲ್ಲವೇ ಇನ್ನಷ್ಟು ಬಿಗಿಗೊಳಿಸುತ್ತದೆಯೇ? ಕಳೆದ ಒಂದು ಶತಮಾನದಲ್ಲಿ ತರ್ಕಶಾಸ್ತ್ರದಲ್ಲಿ ನಡೆದಿರುವ ಸಂಶೋಧನೆಗಳು ಈ ಪ್ರಶ್ನೆಯ ಮೇಲೆ ಅನಿರೀಕ್ಷಿತವಾದ ಬೆಳಕನ್ನು ಚೆಲ್ಲುತ್ತವೆ.

ನೆರೆಹೊರೆಯ ಒಂದು ಹಳೆಯ ವಾದ

ಈ ಪ್ರಶ್ನೆ ಮಂಡ್ಯ ಸೀಮೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯು ಶ್ರೀ ರಾಮಾನುಜಾಚಾರ್ಯರು ನೆಲೆಸಿದ್ದ ಕ್ಷೇತ್ರ. ಪಕ್ಕದ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯೂ, ಊರಿಗೆ ಹೆಸರು ಕೊಟ್ಟ ಮಾನಸ್ತಂಭವೂ ಇಂದಿಗೂ ನಿಂತಿವೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ಶ್ರವಣಬೆಳಗೊಳ. ಅಲ್ಲಿನ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರ, ಪಾತ್ರಕೇಸರಿ, ಅಕಲಂಕ ಮೊದಲಾದ ವಾದಿಗಳ ಕೀರ್ತಿಯನ್ನು ಶಿಲೆಯಲ್ಲಿ ಹಿಡಿದಿಟ್ಟಿದೆ. ಒಂದೇ ದಿನದ ಪ್ರಯಾಣದಲ್ಲಿ ನೋಡಿ ಬರಬಹುದಾದ ಈ ಮೂರು ಸ್ಥಳಗಳು ಭಾರತೀಯ ತರ್ಕಶಾಸ್ತ್ರದ ಒಂದು ದೊಡ್ಡ ವಾದದ ಎರಡೂ ಪಕ್ಷಗಳನ್ನು ನೆನಪಿಗೆ ತರುತ್ತವೆ.

ಪೂರ್ವಪಕ್ಷವನ್ನು ಮೊದಲು ಕೇಳಬೇಕು, ಅದೇ ವಾದಧರ್ಮ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಜೈನಮತದ ವಿಮರ್ಶೆಯಿದೆ. ಒಂದೇ ವಸ್ತುವಿನಲ್ಲಿ ಇರುವಿಕೆ ಮತ್ತು ಇಲ್ಲದಿರುವಿಕೆ ಎಂಬ ವಿರುದ್ಧ ಧರ್ಮಗಳು ಕೂಡಿ ಇರಲಾರವು, ಆದ್ದರಿಂದ ಸಪ್ತಭಂಗಿಯು ಅಸಂಗತ ಎಂಬುದು ಶ್ರೀಭಾಷ್ಯದಲ್ಲಿ ರಾಮಾನುಜರ ಆಕ್ಷೇಪದ ಸಾರ. ಶ್ರೀ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎಲ್ಲವೂ ಅನಿಶ್ಚಿತವೆಂದಾದರೆ ಆ ಉಪದೇಶವೂ ಅನಿಶ್ಚಿತವೇ ಆಗುತ್ತದೆ. ಅಂಥ ಉಪದೇಶವನ್ನು ನೆಚ್ಚಿ ಯಾರು ತಾನೇ ನಿಶ್ಚಿಂತೆಯಿಂದ ನಡೆದಾರು ಎಂಬುದು ಅವರ ಪ್ರಶ್ನೆಯ ತಾತ್ಪರ್ಯ.

ಮೊದಲನೆಯ ಆಕ್ಷೇಪ ತರ್ಕಕ್ಕೆ ಸಂಬಂಧಿಸಿದ್ದು, ಎರಡನೆಯದು ನಡತೆಗೆ ಸಂಬಂಧಿಸಿದ್ದು. ಎರಡನೆಯದು ಹೆಚ್ಚು ತೀಕ್ಷ್ಣವಾದುದು. ಟ್ರಸ್ಟಿನ ಸಭೆಯಲ್ಲಿ ‘ಇನ್ನೊಂದು ದೃಷ್ಟಿ’ಯ ಮಾತನಾಡಿ ಲೆಕ್ಕವನ್ನು ಮುಚ್ಚಿಬಿಡುವ ವ್ಯಕ್ತಿಯನ್ನು ಕಂಡರೆ ಶಂಕರರ ಪ್ರಶ್ನೆ ಸರಿಯೆಂದೇ ತೋರುತ್ತದೆ. ಆ ಪ್ರಶ್ನೆಗೆ ಉತ್ತರ ಆಚಾರ್ಯರ ಗ್ರಂಥಗಳಲ್ಲಿದೆ. ಅದು ನಮ್ಮ ನಡೆಯಲ್ಲಿದೆಯೇ ಎಂಬುದು ಬೇರೆಯ ವಿಚಾರ.

ಮರೆತುಹೋದ ಎರಡನೆಯ ಪದ

ಸಪ್ತಭಂಗಿಯ ಏಳು ವಾಕ್ಯಗಳನ್ನು ಸ್ವಾಧ್ಯಾಯ ಮಾಡಿದವರೆಲ್ಲ ಬಲ್ಲರು. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರು ಮೂಲಭಂಗಗಳು. ಅವನ್ನು ಒಂದೊಂದಾಗಿ ತೆಗೆದುಕೊಂಡರೆ ಮೂರು, ಎರಡೆರಡಾಗಿ ಸೇರಿಸಿದರೆ ಮೂರು, ಮೂರನ್ನೂ ಸೇರಿಸಿದರೆ ಒಂದು, ಒಟ್ಟು ಏಳು. ಎಂಟನೆಯದಕ್ಕೆ ಅವಕಾಶವಿಲ್ಲ. ಪ್ರತಿಯೊಂದು ವಾಕ್ಯಕ್ಕೂ ‘ಸ್ಯಾತ್’ ಎಂಬ ಪದವು ಸೇರಿರುತ್ತದೆ. ಇದು ‘ಇರಬಹುದೇನೋ’ ಎಂಬ ಸಂಶಯವನ್ನು ಹೇಳುವ ಕ್ರಿಯಾಪದವಲ್ಲ. ‘ಕಥಂಚಿತ್’, ಅಂದರೆ ‘ಒಂದು ನಿರ್ದಿಷ್ಟ ಅಪೇಕ್ಷೆಯಿಂದ’ ಎಂಬ ಅರ್ಥವನ್ನು ಸೂಚಿಸುವ ನಿಪಾತ ಎಂದು ಜೈನಾಚಾರ್ಯರು ಸ್ಪಷ್ಟಪಡಿಸಿದ್ದಾರೆ. ಆ ಅಪೇಕ್ಷೆಯೂ ಮನಸ್ಸಿಗೆ ಬಂದದ್ದಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕರಿಂದ ಅದನ್ನು ನಿರ್ಣಯಿಸಬೇಕು. ಮಣ್ಣಿನ ಮಡಕೆಯು ಮಣ್ಣಾಗಿ, ಈ ಜಾಗದಲ್ಲಿ, ಈ ಹೊತ್ತಿನಲ್ಲಿ, ಈ ಆಕಾರದಲ್ಲಿ ಇದೆ; ಲೋಹವಾಗಿ, ಬೇರೆ ಜಾಗದಲ್ಲಿ, ಬೇರೆ ಹೊತ್ತಿನಲ್ಲಿ, ಬೇರೆ ಆಕಾರದಲ್ಲಿ ಅದು ಇಲ್ಲ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಶಾಸ್ತ್ರಕಾರರು ಈ ವಾಕ್ಯದಲ್ಲಿ ಇನ್ನೊಂದು ಪುಟ್ಟ ಪದವನ್ನೂ ಇಟ್ಟಿದ್ದಾರೆ: ‘ಏವ’. ‘ಸ್ಯಾತ್ ಅಸ್ತಿ ಏವ’ ಎಂದರೆ ‘ಈ ಅಪೇಕ್ಷೆಯಿಂದ ಇದ್ದೇ ಇದೆ’ ಎಂದರ್ಥ. ‘ಸ್ಯಾತ್’ ಎಂಬುದು ಬೇರೆ ದೃಷ್ಟಿಗಳಿಗೆ ಬಾಗಿಲನ್ನು ತೆರೆದಿಡುತ್ತದೆ. ‘ಏವ’ ಎಂಬುದು ಹೇಳಿದ ದೃಷ್ಟಿಯೊಳಗೆ ಜಾರುವ ದಾರಿಯನ್ನು ಮುಚ್ಚುತ್ತದೆ. ಅಪೇಕ್ಷೆಯನ್ನು ಒಮ್ಮೆ ಹೇಳಿದ ಮೇಲೆ ಆ ಅಪೇಕ್ಷೆಯಲ್ಲಿ ಮಾತು ನಿಶ್ಚಿತ, ನಿಸ್ಸಂದಿಗ್ಧ. ಅನೇಕಾಂತವು ಕೂಡ ಅನೇಕಾಂತವೇ, ಪ್ರಮಾಣದ ದೃಷ್ಟಿಯಿಂದ ಅನೇಕಾಂತ, ವಿವಕ್ಷಿತ ನಯದ ದೃಷ್ಟಿಯಿಂದ ಏಕಾಂತ ಎಂದು ಸಮಂತಭದ್ರಸ್ವಾಮಿಗಳು ಉಪದೇಶಿಸಿದ್ದರ ಮರ್ಮವಿದು. ಶಂಕರರ ಪ್ರಶ್ನೆಗೆ ಉತ್ತರ ಈ ‘ಏವ’ದಲ್ಲಿದೆ. ನಾವು ‘ಸ್ಯಾತ್’ ಎಂಬುದನ್ನು ನೆನಪಿಟ್ಟುಕೊಂಡು ‘ಏವ’ವನ್ನು ಮರೆತಿದ್ದೇವೆ. ಅಲ್ಲಿಂದಲೇ ಕೆಡುಕು ಹುಟ್ಟಿದೆ.

ವಿರೋಧವನ್ನು ಒಪ್ಪಿದರೆ ಆಗುವ ಅನಾಹುತ

ವಿರುದ್ಧವಾದ ಎರಡು ಮಾತುಗಳನ್ನು ಅಪೇಕ್ಷೆಯನ್ನು ಹೇಳದೆ ಒಟ್ಟಿಗೆ ಒಪ್ಪಿದರೆ ಏನಾಗುತ್ತದೆ? ಸಾಮಾನ್ಯ ತರ್ಕದಲ್ಲಿ ಅದರ ಫಲವು ಭಯಂಕರವಾದುದು. ಒಬ್ಬ ವರ್ತಕನ ಖಾತೆ ಪುಸ್ತಕದಲ್ಲಿ ಒಂದು ಕಡೆ ‘ಬಾಕಿ ಇದೆ’ ಎಂದೂ ಮತ್ತೊಂದು ಕಡೆ ‘ಬಾಕಿ ಇಲ್ಲ’ ಎಂದೂ ಬರೆದಿದೆ ಎಂದಿಟ್ಟುಕೊಳ್ಳೋಣ. ‘ಬಾಕಿ ಇದೆ’ ಎಂಬುದು ನಿಜವಾದ್ದರಿಂದ ‘ಬಾಕಿ ಇದೆ, ಅಥವಾ ಪಾಂಡವಪುರದ ಕುಂತಿಬೆಟ್ಟ ಈ ವರ್ತಕನ ಸ್ವತ್ತು’ ಎಂಬ ವಾಕ್ಯವೂ ನಿಜ. ಎರಡರಲ್ಲಿ ಒಂದು ನಿಜವಾದರೆ ಸಾಕಲ್ಲವೇ? ಆದರೆ ಅದೇ ಪುಸ್ತಕದ ಪ್ರಕಾರ ಬಾಕಿ ಇಲ್ಲ. ಹಾಗಾದರೆ ಉಳಿದ ಪಕ್ಷವೇ ನಿಜವಾಗಬೇಕು: ಕುಂತಿಬೆಟ್ಟ ಈ ವರ್ತಕನ ಸ್ವತ್ತು! ಒಂದು ವಿರೋಧವನ್ನು ಒಳಗೆ ಬಿಟ್ಟರೆ ಯಾವ ಸುಳ್ಳನ್ನು ಬೇಕಾದರೂ ಸಾಧಿಸಬಹುದು. ರಾಮಾನುಜರ ಆಕ್ಷೇಪದ ಬಲವು ಇಂದಿನ ತರ್ಕಶಾಸ್ತ್ರದ ಭಾಷೆಯಲ್ಲಿ ಹೀಗೆ ಕಾಣುತ್ತದೆ.

ಪೋಲೆಂಡಿನ ತರ್ಕಶಾಸ್ತ್ರಜ್ಞ ಸ್ಟಾನಿಸ್ಲಾವ್ ಯಾಶ್ಕೋವ್ಸ್ಕಿ 1948ರಲ್ಲಿ ಈ ಅನಾಹುತಕ್ಕೆ ಒಂದು ಪರಿಹಾರವನ್ನು ಸೂಚಿಸಿದರು. ಒಂದು ಚರ್ಚೆಯಲ್ಲಿ ಹಲವರು ಭಾಗವಹಿಸಿದ್ದಾರೆ. ಒಬ್ಬನು ‘ಹೌದು’ ಎನ್ನುತ್ತಾನೆ, ಮತ್ತೊಬ್ಬನು ‘ಅಲ್ಲ’ ಎನ್ನುತ್ತಾನೆ. ಸಭೆಯ ನಡಾವಳಿಯಲ್ಲಿ ಎರಡೂ ಮಾತುಗಳಿಗೆ ಸ್ಥಾನವಿದೆ. ಆದರೆ ಇಬ್ಬರ ಮಾತುಗಳನ್ನು ಒಂದೇ ಬಾಯಿಯ ಮಾತಾಗಿ ಕೂಡಿಸಲು ಯಾಶ್ಕೋವ್ಸ್ಕಿಯವರ ತರ್ಕವು ಅನುಮತಿಸುವುದಿಲ್ಲ. ಕೂಡಿಸಿದರಲ್ಲವೇ ಕುಂತಿಬೆಟ್ಟ ಕೈಬದಲಾಗುವುದು? ಭೇದವನ್ನು ಅಳಿಸದೆ, ವಿರೋಧದಿಂದ ಅನರ್ಥವೂ ಹುಟ್ಟದಂತೆ ತರ್ಕವನ್ನು ನಡೆಸಬಹುದೆಂದು ಅವರು ತೋರಿಸಿದರು. ಬ್ರೆಜಿಲ್ ದೇಶದ ನ್ಯೂಟನ್ ದ ಕೋಸ್ತಾ 1963ರಲ್ಲಿ ಇದೇ ಉದ್ದೇಶಕ್ಕೆ ಬೇರೊಂದು ಮಾರ್ಗವನ್ನು ಹಾಕಿಕೊಟ್ಟರು.

ಸಪ್ತಭಂಗಿಯಲ್ಲಿಯೂ ಇಂಥದೇ ಎಚ್ಚರಿಕೆ ಇರುವುದು ಗಮನಾರ್ಹ. ಮೂರನೆಯ ಭಂಗವಾದ ‘ಅಸ್ತಿ ನಾಸ್ತಿ’ಯಲ್ಲಿ ಎರಡು ಮಾತುಗಳು ಕ್ರಮವಾಗಿ, ಒಂದರ ಬಳಿಕ ಒಂದಾಗಿ, ತಮ್ಮ ತಮ್ಮ ಅಪೇಕ್ಷೆಗಳೊಂದಿಗೆ ಬರುತ್ತವೆ. ಎರಡನ್ನೂ ಏಕಕಾಲದಲ್ಲಿ, ಸಮಾನ ಪ್ರಾಧಾನ್ಯದಿಂದ, ಒಂದೇ ಪದದಿಂದ ಹೇಳಹೊರಟರೆ ಭಾಷೆ ಸೋಲುತ್ತದೆ. ಅದು ನಾಲ್ಕನೆಯ ಭಂಗವಾದ ‘ಅವಕ್ತವ್ಯ’. ಕ್ರಮವಾಗಿ ಹೇಳುವುದಕ್ಕೂ ಒಟ್ಟಿಗೆ ಹೇಳುವುದಕ್ಕೂ ನಡುವೆ ಆಚಾರ್ಯರು ಗೆರೆ ಎಳೆದದ್ದು ಕೇವಲ ಶಬ್ದಚಾತುರ್ಯವಲ್ಲವೆಂಬುದು ಈಗ ಸ್ಪಷ್ಟವಾಗುತ್ತದೆ.

ಈ ಸಾಮ್ಯವು ವಿದ್ವಾಂಸರ ಗಮನಕ್ಕೂ ಬಂದಿದೆ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಅವರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತ ಲೇಖನದಲ್ಲಿಯೂ, ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರು 1957ರಲ್ಲಿ ‘ಸಾಂಖ್ಯ’ ಪತ್ರಿಕೆಯಲ್ಲಿಯೂ ಸ್ಯಾದ್ವಾದವನ್ನು ಚರ್ಚಿಸಿದರು. ಬಿಮಲ ಕೃಷ್ಣ ಮತಿಲಾಲ್ ಅವರು 1981ರಲ್ಲಿ ಅನೇಕಾಂತವಾದವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಜೊನಾರ್ಡನ್ ಗನೇರಿ 2002ರಲ್ಲಿಯೂ ಗ್ರಹಾಂ ಪ್ರೀಸ್ಟ್ 2008ರಲ್ಲಿಯೂ ಆಧುನಿಕ ತರ್ಕದ ಸಲಕರಣೆಗಳಿಂದ ಜೈನ ತರ್ಕವನ್ನು ಪರಿಶೀಲಿಸಿದರು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ‘ಇಂದಿನ ವಿಜ್ಞಾನವೆಲ್ಲ ನಮ್ಮ ಆಗಮದಲ್ಲಿ ಆಗಲೇ ಇತ್ತು’ ಎಂದು ಹಿಗ್ಗುವುದು ಸತ್ಯವ್ರತಕ್ಕೆ ಸಲ್ಲದು. ಸಂಕೇತಗಳಲ್ಲಿ ನಿಯಮಗಳನ್ನು ಬರೆದು, ಆ ನಿಯಮಗಳನ್ನೇ ಗಣಿತದಿಂದ ಪರೀಕ್ಷಿಸುವ ಪದ್ಧತಿ ಆಧುನಿಕರದು. ಸ್ಯಾದ್ವಾದವು ಸಂಭವನೀಯತೆಯ ಗಣಿತವೂ ಅಲ್ಲ. ಅದು ಮೂರನೆಯ ಬೆಲೆಯುಳ್ಳ ತರ್ಕವೇ ಎಂದು ಹೇಳುವುದೂ ಅವಸರದ ಮಾತು. ಯಾನ್ ಲುಕಾಸಿಯೆವಿಚ್ 1920ರಲ್ಲಿ ಸತ್ಯ, ಅಸತ್ಯ ಎಂಬ ಎರಡರ ನಡುವೆ ಮೂರನೆಯದೊಂದನ್ನು ತಂದರು. ‘ನಾಳೆ ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೆ’ ಎಂಬಂಥ, ಇನ್ನೂ ತೀರ್ಮಾನವಾಗದ ನಾಳಿನ ಸಂಗತಿಗಳನ್ನು ಕುರಿತ ವಾಕ್ಯಗಳಿಗಾಗಿ ಅದು ಬೇಕಾಯಿತು. ನಮ್ಮ ‘ಅವಕ್ತವ್ಯ’ವು ಅನಿರ್ಧಾರವಲ್ಲ, ಅಜ್ಞಾನವೂ ಅಲ್ಲ, ತಿಳಿದದ್ದನ್ನೇ ಒಂದೇ ಮಾತಿನಲ್ಲಿ ಹೇಳಲಾಗದ ವಾಣಿಯ ಮಿತಿ. ಸಾಮ್ಯವನ್ನು ಹೇಳುವಾಗ ಭೇದವನ್ನೂ ಹೇಳುವುದು ಅನೇಕಾಂತದ ಮರ್ಯಾದೆಯೇ ಆಗಿದೆ.

ಅವಶ್ಯಕತೆ ಮತ್ತು ಅಭ್ಯಾಸ

ಆಧುನಿಕ ತರ್ಕದ ಇನ್ನೊಂದು ಶಾಖೆಗೆ ಮೋಡಲ್ ತರ್ಕವೆಂದು ಹೆಸರು. ‘ಅವಶ್ಯವಾಗಿ ಹೀಗೆಯೇ’, ‘ಹೀಗಾಗಲು ಶಕ್ಯ’ ಎಂಬ ಮಾತುಗಳ ನಡೆಯನ್ನು ಅದು ಪರಿಶೀಲಿಸುತ್ತದೆ. ಅಮೆರಿಕದ ಸಿ. ಐ. ಲೂಯಿಸ್ 1918ರ ತಮ್ಮ ಗ್ರಂಥದಲ್ಲಿ ಇದಕ್ಕೆ ಆಧುನಿಕ ರೂಪವನ್ನು ಕೊಟ್ಟರು. ‘ಇದಿದ್ದರೆ ಅದು’ ಎಂಬ ಮಾತಿಗೆ ಆ ಕಾಲದ ಸಂಕೇತ ತರ್ಕವು ಕೊಟ್ಟಿದ್ದ ಅರ್ಥ ಅವರಿಗೆ ಒಪ್ಪಿಗೆಯಾಗಲಿಲ್ಲ. ವಾಸ್ತವದಲ್ಲಿ ‘ಇದಿದ್ದು ಅದಿಲ್ಲ’ ಎಂಬ ಸ್ಥಿತಿ ಒದಗಿಲ್ಲವೆಂದರೆ ಸಾಲದು, ಅಂಥ ಸ್ಥಿತಿ ಒದಗಲು ಶಕ್ಯವೇ ಇರಬಾರದು ಎಂದು ಅವರು ವಾದಿಸಿದರು.

ಈ ಮಾತನ್ನು ಓದಿದಾಗ ಮಲ್ಲಿಷೇಣ ಪ್ರಶಸ್ತಿಯಲ್ಲಿ ಕೀರ್ತಿತರಾದ ಪಾತ್ರಕೇಸರಿಸ್ವಾಮಿಗಳ ನೆನಪಾಗದಿರದು. ಬೌದ್ಧ ನೈಯಾಯಿಕರು ಹೇತುವಿಗೆ ಮೂರು ಲಕ್ಷಣಗಳನ್ನು ಹೇಳಿದ್ದರು: ಪಕ್ಷದಲ್ಲಿ ಇರಬೇಕು, ಸಪಕ್ಷದಲ್ಲಿ ಇರಬೇಕು, ವಿಪಕ್ಷದಲ್ಲಿ ಇರಬಾರದು. ಪಾತ್ರಕೇಸರಿಗಳು ‘ತ್ರಿಲಕ್ಷಣಕದರ್ಥನ’ದಲ್ಲಿ ಇದನ್ನು ಖಂಡಿಸಿ, ಹೇತುವಿಗೆ ಬೇಕಾದ ಲಕ್ಷಣ ಒಂದೇ, ಅದು ‘ಅನ್ಯಥಾನುಪಪತ್ತಿ’, ಅಂದರೆ ‘ಸಾಧ್ಯವಿಲ್ಲದಿದ್ದರೆ ಹೇತುವೂ ಕೂಡಿಬರಲಾರದು’ ಎಂಬುದು ಎಂದು ಸ್ಥಾಪಿಸಿದರು. ಶಾಸ್ತ್ರದ ಪ್ರಸಿದ್ಧ ಉದಾಹರಣೆಗಳು ಇದನ್ನು ತಿಳಿಯಪಡಿಸುತ್ತವೆ. ‘ಈತನ ಉಳಿದ ಮಕ್ಕಳೆಲ್ಲ ಶ್ಯಾಮವರ್ಣದವರು, ಗರ್ಭದಲ್ಲಿರುವುದೂ ಈತನ ಮಗುವೇ, ಆದ್ದರಿಂದ ಅದೂ ಶ್ಯಾಮವರ್ಣದ್ದೇ’ ಎಂಬಲ್ಲಿ ಮೂರು ಲಕ್ಷಣಗಳೂ ಇದ್ದಂತೆ ಕಾಣುತ್ತವೆ. ಆದರೂ ಅನುಮಾನ ನಿಲ್ಲದು, ಬೇರೆಯಾಗಲು ಶಕ್ಯವಿದೆ. ‘ಕೃತ್ತಿಕೆ ಉದಯಿಸಿದೆ, ಆದ್ದರಿಂದ ಬಳಿಕ ರೋಹಿಣಿ ಉದಯಿಸುತ್ತದೆ’ ಎಂಬಲ್ಲಿ ಹೇತುವು ಪಕ್ಷದಲ್ಲಿಯೇ ಇಲ್ಲ. ಆದರೂ ಅನುಮಾನ ನಿಲ್ಲುತ್ತದೆ. ಶತಮಾನಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು, ಅಭ್ಯಾಸಕ್ಕೂ ಅವಶ್ಯಕತೆಗೂ ಇರುವ ಅಂತರವನ್ನು ಒಂದೇ ಜಾಗದಲ್ಲಿ ಗುರುತಿಸಿದರು. ‘ತಂದೆಯ ಕಾಲದಿಂದ ಯಾರೂ ಲೆಕ್ಕ ಕೇಳಿಲ್ಲ, ಆದ್ದರಿಂದ ಲೆಕ್ಕ ಸರಿಯಾಗಿದೆ’ ಎಂಬ ಅನುಮಾನವು ಮೊದಲನೆಯ ಉದಾಹರಣೆಯ ಜಾತಿಗೆ ಸೇರಿದ್ದೆಂದು ಬೇರೆ ಹೇಳಬೇಕಾಗಿಲ್ಲ.

1959ರಲ್ಲಿ, ಇನ್ನೂ ಇಪ್ಪತ್ತು ತುಂಬದ ಸಾಲ್ ಕ್ರಿಪ್ಕಿ ಎಂಬ ಯುವಕ ಮೋಡಲ್ ತರ್ಕವನ್ನು ಕುರಿತು ಒಂದು ಮಹತ್ವದ ಲೇಖನವನ್ನು ಪ್ರಕಟಿಸಿದರು. ಅವರೂ ಅವರ ಸಮಕಾಲೀನರೂ ಬೆಳೆಸಿದ ವಿಧಾನದಲ್ಲಿ ಯಾವ ಮಾತನ್ನಾದರೂ ಬರಿದೇ ‘ನಿಜ’ ಎನ್ನುವುದಿಲ್ಲ. ‘ಈ ಲೋಕದಲ್ಲಿ ನಿಜ’ ಎನ್ನಬೇಕು. ಇಲ್ಲಿ ಲೋಕವೆಂದರೆ ಊರ್ಧ್ವಲೋಕ, ಅಧೋಲೋಕಗಳಲ್ಲ; ಸಂಗತಿಗಳು ಇರಬಹುದಾದ ಒಂದು ರೀತಿ ಎಂದಷ್ಟೇ ಅರ್ಥ. ಒಂದು ಲೋಕದಿಂದ ತಲುಪಬಹುದಾದ ಎಲ್ಲ ಲೋಕಗಳಲ್ಲಿಯೂ ನಿಜವಾದದ್ದು ಅಲ್ಲಿ ‘ಅವಶ್ಯ’. ಒಂದರಲ್ಲಾದರೂ ನಿಜವಾದದ್ದು ‘ಶಕ್ಯ’. ಗಮನಿಸಬೇಕಾದ ಅಂಶವೆಂದರೆ, ಒಂದು ಲೋಕವನ್ನು ಹೆಸರಿಸಿದ ಮೇಲೆ ಆ ಲೋಕದೊಳಗೆ ಮಾತು ನಿಜವೋ ಸುಳ್ಳೋ ಎಂಬುದು ಖಚಿತ. ಅಪೇಕ್ಷೆ ಹಲವು, ಪ್ರತಿ ಅಪೇಕ್ಷೆಯೊಳಗೂ ನಿಶ್ಚಯ ಒಂದೇ. ‘ಸ್ಯಾತ್’ ಜೊತೆಗೆ ‘ಏವ’ ಇರುವುದು ಇದೇ ಅರ್ಥದಲ್ಲಿ.

ಫಿನ್‌ಲೆಂಡಿನ ಫಾನ್ ರಿಕ್ಟ್ 1951ರಲ್ಲಿ ಇದೇ ಬಗೆಯ ತರ್ಕವನ್ನು ಕರ್ತವ್ಯದ ಮಾತುಗಳಿಗೆ ಅನ್ವಯಿಸಿದರು. ‘ಅವಶ್ಯವಾಗಿ ಹೀಗಿದೆ’ ಎಂದರೆ ‘ಹೀಗಿದೆ’ ಎಂಬುದು ಸಿದ್ಧಿಸುತ್ತದೆ. ಆದರೆ ‘ಹೀಗಾಗತಕ್ಕದ್ದು’ ಎಂದರೆ ‘ಹೀಗಾಗಿದೆ’ ಎಂಬುದು ಸಿದ್ಧಿಸುವುದಿಲ್ಲ. ತೀರಾ ಸರಳವಾದ ಈ ನಿಯಮವನ್ನು ನಮ್ಮ ಟ್ರಸ್ಟುಗಳ ನಡಾವಳಿ ಪುಸ್ತಕಗಳ ಮೊದಲ ಪುಟದಲ್ಲಿ ಬರೆದಿಡಬೇಕು. ‘ಲೆಕ್ಕ ತಪಾಸಣೆ ಮಾಡಿಸತಕ್ಕದ್ದು’ ಎಂಬ ಠರಾವು ಅಂಗೀಕಾರವಾದ ದಿನವೇ ತಪಾಸಣೆ ಆದಂತೆ ಭಾವಿಸಿ ನೆಮ್ಮದಿಯಿಂದ ಎದ್ದುಹೋಗುವುದು ಎಷ್ಟು ಕಡೆ ರೂಢಿಯಲ್ಲಿಲ್ಲ?

ಸಾಧನೆಯೂ ಒಂದು ಖಾತೆ

ಮಾತು ನಿಜವೇ ಎಂಬುದು ಒಂದು ಪ್ರಶ್ನೆ. ಆ ಮಾತಿಗೆ ಹೇಗೆ ಬಂದು ತಲುಪಿದರು ಎಂಬುದು ಇನ್ನೊಂದು. ಎರಡನೆಯದನ್ನು ಪರಿಶೀಲಿಸುವ ಶಾಸ್ತ್ರಕ್ಕೆ ಪ್ರೂಫ್ ಥಿಯರಿ, ಎಂದರೆ ಸಾಧನೆಯ ಸ್ವರೂಪಶಾಸ್ತ್ರ ಎಂದು ಹೇಳಬಹುದು. ಜರ್ಮನಿಯ ಗೆರ್ಹಾರ್ಡ್ ಗೆಂಟ್ಸನ್ 1934-35ರಲ್ಲಿ ಪ್ರಕಟಿಸಿದ ಪ್ರಬಂಧವು ಅದರ ಆಧಾರಸ್ತಂಭಗಳಲ್ಲೊಂದು. ಅವರ ಒಂದು ಪದ್ಧತಿಯಲ್ಲಿ ಸಾಧನೆಯ ಪ್ರತಿಯೊಂದು ಸಾಲಿಗೂ ಎರಡು ಬದಿಗಳಿರುತ್ತವೆ. ಎಡಬದಿಯಲ್ಲಿ ಯಾವ ಯಾವ ಊಹೆಗಳನ್ನು ಇಟ್ಟುಕೊಂಡಿದ್ದೇವೆ ಎಂಬುದು. ಬಲಬದಿಯಲ್ಲಿ ಅವುಗಳಿಂದ ಬಂದದ್ದು. ಎಡಬದಿಯ ಊಹೆಯನ್ನು ಯಾರಿಗೂ ತಿಳಿಯದಂತೆ ಅಳಿಸುವಂತಿಲ್ಲ. ಅದನ್ನು ತೆಗೆಯಬೇಕಾದರೆ ನಿಯಮದ ಪ್ರಕಾರವೇ ತೆಗೆಯಬೇಕು. ಆಗ ಅದು ಬಲಬದಿಯಲ್ಲಿ ‘ಹೀಗಿದ್ದರೆ’ ಎಂಬ ರೂಪದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಜಮೆ ಇಲ್ಲದೆ ಖರ್ಚಿಲ್ಲ, ರಸೀದಿ ಇಲ್ಲದೆ ಜಮೆಯಿಲ್ಲ. ಗೆಂಟ್ಸನ್ನರ ಇನ್ನೊಂದು ಮುಖ್ಯ ಫಲಿತಾಂಶವೂ ಅಂಗಡಿಯ ಭಾಷೆಯಲ್ಲಿ ಅರ್ಥವಾಗುವಂಥದು. ಸಾಧನೆಯ ನಡುವೆ ಬಂದು, ಎರಡು ಕಡೆಗಳನ್ನು ಕೂಡಿಸಿ, ಕೊನೆಯಲ್ಲಿ ಮಾಯವಾಗುವ ಮಧ್ಯವರ್ತಿ ವಾಕ್ಯಗಳಿರುತ್ತವೆ, ಅವುಗಳನ್ನು ದಲ್ಲಾಳಿಗಳೆನ್ನಬಹುದು. ತಮ್ಮ ಪದ್ಧತಿಯಲ್ಲಿ ಇಂಥ ದಲ್ಲಾಳಿಯಿರುವ ಯಾವ ಸಾಧನೆಯನ್ನಾದರೂ ದಲ್ಲಾಳಿಯಿಲ್ಲದ ಸಾಧನೆಯಾಗಿ ಪರಿವರ್ತಿಸಬಹುದೆಂದು ಅವರು ತೋರಿಸಿದರು. ಹಾಗೆ ಮಾಡಿದರೆ ಸಾಧನೆ ಬಹಳ ಉದ್ದವಾಗಬಹುದು. ಆದರೆ ಆಮೇಲೆ ಅದರಲ್ಲಿ ಕೊನೆಯ ಸಾಲಿನ ಅಂಶಗಳಲ್ಲದ ಹೊರಗಿನ ಮಾತೊಂದೂ ಉಳಿಯದು. ಫ್ರಾನ್ಸಿನ ಜ್ಯಾಂ-ಈವ್ ಜಿರಾರ್ 1987ರಲ್ಲಿ ಇನ್ನೂ ಮುಂದುವರಿದು, ಊಹೆಗಳನ್ನು ಹಣದಂತೆ ಎಣಿಸುವ ತರ್ಕವನ್ನು ರಚಿಸಿದರು. ಅದರಲ್ಲಿ ಸಾಧಾರಣವಾಗಿ ಒಂದು ಊಹೆಯನ್ನು ಒಮ್ಮೆ ಬಳಸಿದರೆ ಅದು ಖರ್ಚಾದಂತೆ. ಒಂದೇ ರೂಪಾಯಿಯನ್ನು ಎರಡು ಕಡೆ ಕೊಡಲಾಗದು. ಮತ್ತೆ ಮತ್ತೆ ಬಳಸಬೇಕಾದರೆ ಅದಕ್ಕೆ ವಿಶೇಷವಾದ ಗುರುತನ್ನು ಮೊದಲೇ ಹಾಕಿರಬೇಕು.

‘ಸ್ಯಾತ್’ ಎಂಬುದನ್ನು ಗೆಂಟ್ಸನ್ನರ ಎಡಬದಿಯಂತೆ ನೋಡಿದರೆ ಅದರ ನೈತಿಕ ಸ್ವರೂಪವು ಬೆಳಕಿಗೆ ಬರುತ್ತದೆ. ಅದು ಹೊಣೆಯಿಂದ ತಪ್ಪಿಸಿಕೊಳ್ಳುವ ಕಿಂಡಿಯಲ್ಲ. ಹೊಣೆಯನ್ನು ಬರೆದಿಡುವ ಕಲಮು. ‘ಒಂದು ಅಪೇಕ್ಷೆಯಿಂದ’ ಎಂದು ಹೇಳಿ ‘ಯಾವ ಅಪೇಕ್ಷೆಯಿಂದ’ ಎಂಬುದನ್ನು ಹೇಳದವನು ಸ್ಯಾದ್ವಾದಿಯಲ್ಲ. ರಸೀದಿ ತೋರಿಸದೆ ಖರ್ಚು ಬರೆದವನು.

ಆಲೆಮನೆಯೂ ಬಸದಿಯೂ

ಈಗ ಎರಡು ಪ್ರಸಂಗಗಳನ್ನು ಪರಿಶೀಲಿಸಬಹುದು. ಕಬ್ಬಿನ ಸೀಮೆಯಾದ ಪಾಂಡವಪುರದ ಸುತ್ತಮುತ್ತ ಆಲೆಮನೆಗಳು ಎಲ್ಲರಿಗೂ ಪರಿಚಿತ. ಬೆಲ್ಲಕ್ಕೆ ಹಳದಿ ಮಿಶ್ರಿತ ಬಿಳುಪು ಬಂದರೆ ಬೆಲೆ ಹೆಚ್ಚು. ಆ ಬಣ್ಣಕ್ಕಾಗಿ ಕುದಿಯುವ ಹಾಲಿಗೆ ‘ಹೈಡ್ರೋಸ್’ ಎಂಬ ರಾಸಾಯನಿಕವನ್ನು ಹಾಕುವುದೂ ಗುಟ್ಟಲ್ಲ. ಗಿರಾಕಿ ‘ಬೆಲ್ಲ ಚೆನ್ನಾಗಿದೆಯೇ?’ ಎಂದು ಕೇಳುತ್ತಾನೆ. ವರ್ತಕ ‘ಉತ್ತಮವಾಗಿದೆ’ ಎನ್ನುತ್ತಾನೆ. ಬಣ್ಣದ ದೃಷ್ಟಿಯಿಂದ ಆ ಮಾತು ನಿಜ. ಆದರೆ ಮನೆಯ ಮಕ್ಕಳಿಗೆ ಕೊಡಲು ಬೆಲ್ಲ ಕೊಳ್ಳುವವನು ಕೇಳಿದ್ದು ತಿನ್ನುವ ದೃಷ್ಟಿಯಿಂದ. ಒಂದು ಅಪೇಕ್ಷೆಯಿಂದ ಕೇಳಿದ ಪ್ರಶ್ನೆಗೆ ಇನ್ನೊಂದು ಅಪೇಕ್ಷೆಯಿಂದ ಉತ್ತರಿಸಿ, ಆ ಬದಲಾವಣೆಯನ್ನು ಹೇಳದೆ ಉಳಿದದ್ದು ಇಲ್ಲಿನ ದೋಷ. ಶಬ್ದಶಃ ಸುಳ್ಳು ಹೇಳಿಲ್ಲವೆಂಬ ಸಮಾಧಾನ ಆ ವರ್ತಕನಿಗೆ ಸಿಗಬಾರದು. ಬೇರೆ ನಯಗಳನ್ನು ಮರೆಮಾಚುವ ನಯವನ್ನು ಶಾಸ್ತ್ರವು ನಯವೆಂದು ಕರೆಯದೆ ನಯಾಭಾಸವೆಂದೇ ಕರೆಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವನ್ನು, ಅಂದರೆ ಒಳ್ಳೆಯದರಂತೆ ತೋರುವ ಕೃತಕ ಸರಕಿನ ವ್ಯವಹಾರವನ್ನು ಎಣಿಸಿರುವುದು ಸುಮ್ಮನೆ ಅಲ್ಲ.

ಎರಡನೆಯದು ಇನ್ನೂ ಕಠಿಣವಾದ ಪ್ರಸಂಗ. ನಿತ್ಯಾಭಿಷೇಕಕ್ಕೆಂದು ದಾನಿಯೊಬ್ಬರು ಒಂದು ಬಸದಿಗೆ ಇಡುಗಂಟನ್ನು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಮಳೆಗಾಲದಲ್ಲಿ ಗರ್ಭಗೃಹದ ಮೇಲ್ಛಾವಣಿ ಸೋರಲಾರಂಭಿಸಿದೆ, ಬೇರೆ ಹಣವಿಲ್ಲ. ಇಡುಗಂಟನ್ನು ಮುಟ್ಟಿದರೆ ದಾನಿಗೆ ಕೊಟ್ಟ ಮಾತು ತಪ್ಪುತ್ತದೆ. ಮುಟ್ಟದಿದ್ದರೆ ಅಭಿಷೇಕ ನಡೆಯಬೇಕಾದ ಸ್ಥಳವೇ ಹಾಳಾಗುತ್ತದೆ. ಇಲ್ಲಿ ಇಬ್ಬರ ಮಾತೂ ನಿಜ. ದಾನಿಯ ಸಂಕಲ್ಪದ ಅಪೇಕ್ಷೆಯಿಂದ ಹಣವನ್ನು ಮುಟ್ಟಬಾರದು; ಬಸದಿಯ ರಕ್ಷಣೆಯ ಅಪೇಕ್ಷೆಯಿಂದ ಮುಟ್ಟಬೇಕು. ಯಾವ ತರ್ಕವೂ, ಹಳೆಯದಾಗಲಿ ಹೊಸದಾಗಲಿ, ಈ ಎರಡರಲ್ಲಿ ಒಂದನ್ನು ಸುಳ್ಳು ಮಾಡಿ ಧರ್ಮಸಂಕಟವನ್ನು ನೀಗಿಸಲಾರದು. ಹಾಗೆ ನೀಗಿಸುತ್ತೇನೆಂದು ಹೇಳುವವನೇ ಏಕಾಂತವಾದಿ.

ಹಾಗಾದರೆ ಸ್ಯಾದ್ವಾದದಿಂದ ಬಂದ ಪ್ರಯೋಜನವೇನು? ನಿರ್ಣಯವನ್ನು ಅದು ಕೊಡದಿರಬಹುದು. ನಿರ್ಣಯದ ರೀತಿಯನ್ನು ಅದು ಕೊಡುತ್ತದೆ. ಟ್ರಸ್ಟಿಗಳು ಮೊದಲು ಎರಡೂ ಮಾತುಗಳನ್ನು ಅವುಗಳ ಅಪೇಕ್ಷೆಗಳೊಂದಿಗೆ ನಡಾವಳಿಯಲ್ಲಿ ಬರೆಯಬೇಕು. ದಾನಿಯನ್ನೋ ಅವರ ವಾರಸುದಾರರನ್ನೋ ಮರೆಯಲ್ಲಿಡದೆ ಕೇಳಬೇಕು. ಒಪ್ಪಿಗೆಯಾಗಲಿ ಅಸಮ್ಮತಿಯಾಗಲಿ ಬಂದದ್ದನ್ನು ಬಂದಂತೆ ದಾಖಲಿಸಬೇಕು. ಒಪ್ಪಿಗೆ ದೊರೆತು ಹಣ ತೆಗೆದರೆ ‘ಸಾಲವಾಗಿ ತೆಗೆದದ್ದು’ ಎಂದೇ ಬರೆದು, ಎಷ್ಟು, ಯಾವ ದಿನದೊಳಗೆ ಮರಳಿಸತಕ್ಕದ್ದು ಎಂಬುದನ್ನು ನಮೂದಿಸಬೇಕು. ಆ ದಿನ ಬಂದಾಗ ‘ಮರಳಿಸತಕ್ಕದ್ದು’ ಎಂಬುದು ‘ಮರಳಿಸಿದೆ’ ಎಂದಾಗಿದೆಯೇ ಎಂದು ನೋಡಬೇಕು. ಇಷ್ಟು ಮಾಡಿದರೆ ಮುಂದಿನ ತಲೆಮಾರು ಆ ನಿರ್ಣಯವನ್ನು ತಪ್ಪೆನ್ನಬಹುದು, ಆದರೆ ಸುಳ್ಳೆನ್ನಲಾರದು. ಇದಾವುದನ್ನೂ ಮಾಡದೆ ‘ಎರಡೂ ಸರಿ’ ಎಂದು ಹಣವನ್ನು ತೆಗೆದರೆ, ಸತ್ಯಾಣುವ್ರತದ ಅತಿಚಾರಗಳೆಂದು ಅದೇ ಏಳನೆಯ ಅಧ್ಯಾಯವು ಹೇಳುವ ‘ನ್ಯಾಸಾಪಹಾರ’ ಮತ್ತು ‘ಕೂಟಲೇಖಕ್ರಿಯೆ’ಗಳ ಹೊಸ್ತಿಲಿಗೆ ಅದು ಬಂದು ನಿಂತಂತೆ. ಇಟ್ಟವನು ಮರೆತ ಠೇವಣಿಯನ್ನು ಉಳಿಸಿಕೊಳ್ಳುವುದೂ ಸುಳ್ಳು ಲೆಕ್ಕ ಬರೆಯುವುದೂ ಸೂತ್ರಕಾರರ ದೃಷ್ಟಿಯಲ್ಲಿ ಸತ್ಯಕ್ಕೇ ಬಗೆದ ದ್ರೋಹಗಳು.

ಮೇಲುಕೋಟೆಯಲ್ಲಿ ಇಂದು ಸಂಸ್ಕೃತ ಸಂಶೋಧನಾ ಸಂಸತ್ತು ಇದೆ. ಶಾಸ್ತ್ರಗಳಿಗೂ ಗಣಕಯಂತ್ರಕ್ಕೂ ಇರುವ ಸಂಬಂಧದ ವಿಚಾರವೂ ಅಲ್ಲಿ ನಡೆದಿದೆ. ಹಿಂದೆ ವಾದದ ಎರಡು ಪಕ್ಷಗಳಾಗಿದ್ದ ಪರಂಪರೆಗಳ ಗ್ರಂಥಗಳನ್ನು ಒಂದೇ ಮೇಜಿನ ಮೇಲಿಟ್ಟು ಓದಬಹುದಾದ ಕಾಲವಿದು. ರಾಮಾನುಜರ ಆಕ್ಷೇಪವನ್ನು ಜೈನರು ಶತ್ರುವಿನ ಮಾತೆಂದು ಬದಿಗಿಡಬೇಕಾಗಿಲ್ಲ. ಅಪೇಕ್ಷೆಯನ್ನು ಹೇಳದ ‘ಹೌದು-ಅಲ್ಲ’ ಎಂಬುದು ಅಸಂಗತವೆಂದು ಅವರು ಹೇಳಿದ್ದು ನಿಜವೇ. ಅದನ್ನು ನಮ್ಮ ಆಚಾರ್ಯರೂ ಒಪ್ಪುತ್ತಾರೆ. ಅಪೇಕ್ಷೆಯನ್ನು ಹೇಳಿದ ಮಾತು ಅಸಂಗತವಲ್ಲವೆಂಬುದು ಆಚಾರ್ಯರು ಅದಕ್ಕೆ ಸೇರಿಸುವ ಮಾತು. ಆ ಸೇರ್ಪಡೆಗೆ ಅರ್ಹರಾಗಬೇಕಾದರೆ ನಾವು ಅಪೇಕ್ಷೆಯನ್ನು ಬಾಯಿಬಿಟ್ಟು ಹೇಳುವವರಾಗಬೇಕು.

ಶಂಕರರು ಕೇಳಿದ ಪ್ರಶ್ನೆ, ಇಂಥ ಉಪದೇಶವನ್ನು ನೆಚ್ಚಿ ಯಾರು ನಡೆದಾರು ಎಂಬುದು, ಗ್ರಂಥದಿಂದ ಮಾತ್ರ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಜೈನ ವರ್ತಕನ ಅಂಗಡಿಯಲ್ಲಿ ತೂಕವನ್ನು ಮತ್ತೊಮ್ಮೆ ನೋಡಬೇಕಾಗಿಲ್ಲವೆಂದು ಗಿರಾಕಿ ನಂಬಿದರೆ, ಬಸದಿಯ ಟ್ರಸ್ಟಿನ ಲೆಕ್ಕವನ್ನು ಅನ್ಯಮತದವರೂ ಮಾದರಿಯೆಂದು ತೋರಿಸಿದರೆ, ಅದೇ ಆ ಪ್ರಶ್ನೆಗೆ ಉತ್ತರ. ಪ್ರತಿದಿನದ ಪ್ರತಿಕ್ರಮಣದಲ್ಲಿ ಶ್ರಾವಕರೂ ಶ್ರಾವಿಕೆಯರೂ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲಿ: ಇಂದು ‘ಸ್ಯಾತ್’ ಎಂದು ಹೇಳಿದಲ್ಲೆಲ್ಲ ‘ಏವ’ ಎನ್ನುವ ಧೈರ್ಯ ತನಗಿತ್ತೇ? ಇಲ್ಲವೆಂದು ಅಂತರಂಗ ನುಡಿದರೆ, ಅಲ್ಲಿ ಆಡಿದ್ದು ಅನೇಕಾಂತದ ಮಾತಲ್ಲವೆಂದು ತಿಳಿದು, ಮರುದಿನ ಆ ಮಾತನ್ನು ತಿದ್ದಿಕೊಳ್ಳಲಿ.